ಕೊರಳಿಗೊಂದು ಗಂಟು, ನಾನೂರು ವರ್ಷದ ನಂಟು

ಬೆಳಿಗ್ಗೆ ಆರೂವರೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದು ನೋಡಿದರೆ ಪಕ್ಕದ ಬೀದಿಯ ಹುಡುಗ. ಇಸ್ತ್ರಿಯ ಬಿಸಿ ಇನ್ನೂ ಆರದ ಬಿಳಿ ಷರ್ಟು, ಹೊಸ ಬೆಲ್ಟು, ಮುಖ ಕಾಣುವಷ್ಟು ಪಾಲಿಶ್ ಮಾಡಿದ ಬೂಟು. ಕೈಯಲ್ಲಿ ಕಡುನೀಲಿ ಬಣ್ಣದ ಟೈ. ‘ಅಂಕಲ್, ಬೆಂಗಳೂರಲ್ಲಿ ಇಂಟರ್‌ವ್ಯೂ ಇದೆ. ಇದನ್ನೊಂಚೂರು ಕಟ್ಕೊಡ್ತೀರಾ? ರಾತ್ರಿಯೆಲ್ಲ ಯೂಟ್ಯೂಬ್ ನೋಡ್ಕೊಂಡು ಟ್ರೈ ಮಾಡ್ದೆ, ಬರ್ಲೇ ಇಲ್ಲ’ ಅಂದ. ಅವನ ಅಪ್ಪ ಹೋಟೆಲಿನಲ್ಲಿ ಅಡುಗೆ ಮಾಡುವವರು. ಆ ಮನೆಯಲ್ಲಿ ಈವರೆಗೆ ಯಾರೂ ಟೈ ಕಟ್ಟಿದ್ದಿಲ್ಲ.

ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಹಿಂದಿನಿಂದ ಕೈ ಚಾಚಿ ಗಂಟು ಹಾಕಿದೆ. ಬೇರೆಯವರ ಕೊರಳಿಗೆ ಟೈ ಕಟ್ಟುವುದು ತುಸು ಕಷ್ಟದ ಕೆಲಸ. ಕೈಗೆ ರೂಢಿಯಾದ ದಿಕ್ಕೆಲ್ಲ ತಿರುವುಮುರುವಾಗುತ್ತದೆ. ಗಂಟು ಮೇಲೇರಿ ಕಾಲರಿನ ಸಂದಿಯಲ್ಲಿ ಕೂತ ಕ್ಷಣ ಹುಡುಗ ಕನ್ನಡಿ ನೋಡಿಕೊಂಡ. ಅದುವರೆಗೆ ಮುಂದಕ್ಕೆ ಬಾಗಿದ್ದ ಭುಜ ಹಿಂದಕ್ಕೆ ಹೋಯಿತು, ಗದ್ದ ಮೇಲೆದ್ದಿತು. ಅವನು ಓಡುತ್ತಾ ರೈಲು ಹಿಡಿಯಲು ಹೋದ ಮೇಲೆ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ.

ಸುಮಾರು ಒಂದೂವರೆ ಮೀಟರ್ ಉದ್ದದ ಬಟ್ಟೆಯ ಪಟ್ಟಿ ಅದು. ಚಳಿ ತಡೆಯುವುದಿಲ್ಲ, ಬಿಸಿಲಿಗೆ ನೆರಳಾಗುವುದಿಲ್ಲ, ಮಾನ ಮುಚ್ಚುವುದಿಲ್ಲ. ಬೆಲ್ಟು ಪ್ಯಾಂಟನ್ನು ಹಿಡಿದಿಡುತ್ತದೆ, ಗುಂಡಿ ಷರ್ಟನ್ನು ಕೂಡಿಸುತ್ತದೆ, ಜೇಬು ದುಡ್ಡು ಕಾಯುತ್ತದೆ. ಟೈಗೆ ಇಂಥ ಒಂದು ಕೆಲಸವೂ ಇಲ್ಲ. ಆದರೂ ಗಂಡಸಿನ ಉಡುಪಿನಲ್ಲಿ ಇಷ್ಟು ಕಾಲ, ಇಷ್ಟು ದೇಶಗಳಲ್ಲಿ ಬಾಳಿದ ಅಲಂಕಾರ ಇನ್ನೊಂದಿಲ್ಲ. ಅದರ ಕೆಲಸವೆಲ್ಲ ಮಾತಿನದು. ತೊಟ್ಟವನು ಬಾಯಿ ತೆರೆಯುವ ಮೊದಲೇ ಅವನು ಯಾರು, ಎಲ್ಲಿಯವನು, ಯಾರ ಪೈಕಿ, ಎಲ್ಲಿಗೆ ಹೊರಟಿದ್ದಾನೆ ಎಂಬುದನ್ನೆಲ್ಲ ಅದು ಹೇಳಿಬಿಡುತ್ತದೆ. ಟೈಯ ನಾನೂರು ವರ್ಷದ ಚರಿತ್ರೆ ಈ ಮಾತಿನ ಚರಿತ್ರೆಯೇ.

ಪುಲಾ ಊರಿನ ಕೆಂಪು ಟೈ

ಆಡ್ರಿಯಾಟಿಕ್ ಸಮುದ್ರದ ದಂಡೆಯಲ್ಲಿ ಪುಲಾ ಎಂಬ ಊರಿದೆ. ಕ್ರೊಯೇಷ್ಯಾ ದೇಶಕ್ಕೆ ಸೇರಿದ್ದು. ಅಲ್ಲಿ ರೋಮನ್ನರು ಎರಡು ಸಾವಿರ ವರ್ಷದ ಹಿಂದೆ ಕಟ್ಟಿದ ಕಲ್ಲಿನ ವರ್ತುಲ ರಂಗಮಂದಿರ ಇಂದಿಗೂ ಗಟ್ಟಿಯಾಗಿ ನಿಂತಿದೆ. 2003ರ ಅಕ್ಟೋಬರ್ 18ರಂದು ಆ ಊರಿನ ಜನ ಕಂಡ ನೋಟ ವಿಚಿತ್ರವಾಗಿತ್ತು. ಇಡೀ ರಂಗಮಂದಿರದ ಸುತ್ತ ಕೆಂಪು ಬಟ್ಟೆ ಬಳಸಿ ಬಂದು, ಒಂದು ಕಡೆ ಗಂಟಾಗಿ, ಕೆಳಗೆ ಇಳಿಬಿದ್ದಿತ್ತು. ಉದ್ದ 808 ಮೀಟರ್. ಕಲ್ಲಿನ ಕಟ್ಟಡದ ಕೊರಳಿಗೆ ಕಟ್ಟಿದ ಟೈ!

ಇದನ್ನು ಮಾಡಿದ್ದು ಅಕಾಡೆಮಿಯಾ ಕ್ರವಾಟಿಕಾ ಎಂಬ ಸಂಸ್ಥೆ. ಕಲ್ಪನೆ ಮಾರಿಯಾನ್ ಬುಶಿಚ್ ಅವರದು. ರಾಜಧಾನಿ ಜಾಗ್ರೆಬ್‌ನಲ್ಲಿ 1997ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಇರುವುದು ಒಂದೇ ಕೆಲಸ, ಟೈ ತಮ್ಮ ನೆಲದ್ದು ಎಂಬುದನ್ನು ಲೋಕಕ್ಕೆ ಸಾರುವುದು. ಆ ಕಾಲವನ್ನು ನೆನೆದರೆ ಈ ಹುಮ್ಮಸ್ಸಿನ ಕಾರಣ ತಿಳಿಯುತ್ತದೆ. ಕ್ರೊಯೇಷ್ಯಾ ಯುಗೊಸ್ಲಾವಿಯದಿಂದ ಬಿಡಿಸಿಕೊಂಡು ಸ್ವತಂತ್ರವಾದದ್ದು 1991ರಲ್ಲಿ. ಮರುಕ್ಷಣವೇ ಯುದ್ಧ, ಅದು ಮುಗಿಯಲು 1995 ಬರಬೇಕಾಯಿತು. ನಲವತ್ತು ಲಕ್ಷದಷ್ಟು ಜನಸಂಖ್ಯೆಯ, ಯುದ್ಧದ ಗಾಯ ಮಾಯದ ಪುಟ್ಟ ದೇಶವೊಂದು ‘ನಾವು ಯಾರು’ ಎಂದು ಹೇಳಿಕೊಳ್ಳಲು ದಾರಿ ಹುಡುಕುತ್ತಿತ್ತು. ಜಗತ್ತಿನ ಗಂಡಸರೆಲ್ಲ ಕೊರಳಲ್ಲಿ ತೂಗುಬಿಟ್ಟುಕೊಂಡ ಬಟ್ಟೆಯಲ್ಲೇ ತಮ್ಮ ಹೆಸರು ಅಡಗಿದೆ ಎಂಬುದು ಅವರಿಗೆ ಹೊಳೆಯಿತು.

ಹೆಸರು ಅಡಗಿರುವುದು ನಿಜ. ಕ್ರೊಯೇಷ್ಯಾದವರು ತಮ್ಮನ್ನು ಕರೆದುಕೊಳ್ಳುವುದು ‘ಹ್ರ್ವಾತ್’ ಎಂದು. ಫ್ರೆಂಚರ ಬಾಯಲ್ಲಿ ಅದು ‘ಕ್ರೊಆತ್’, ‘ಕ್ರವಾತ್’ ಆಯಿತು. ಆ ಜನ ಕಟ್ಟುತ್ತಿದ್ದ ಕೊರಳ ಬಟ್ಟೆಗೂ ಅದೇ ಹೆಸರು ನಿಂತಿತು. ಫ್ರೆಂಚಿನಲ್ಲಿ ಇಂದಿಗೂ ಟೈ ಎಂದರೆ ಕ್ರವಾತ್. ಇಟಲಿ, ಸ್ಪೇನ್, ಜರ್ಮನಿಯ ನುಡಿಗಳಲ್ಲೂ ಅದೇ ಹೆಸರಿನ ರೂಪಗಳಿವೆ.

2008ರಲ್ಲಿ ಕ್ರೊಯೇಷ್ಯಾದ ಸಂಸತ್ತು ಅಕ್ಟೋಬರ್ 18ನ್ನು ಕ್ರವಾತ್ ದಿನವೆಂದು ಘೋಷಿಸಿತು. ಅಂದು ಊರೂರಿನ ಚೌಕಗಳಲ್ಲಿ ನಿಂತ ಪ್ರತಿಮೆಗಳ ಕೊರಳಿಗೂ ಕೆಂಪು ಬಟ್ಟೆ ಕಟ್ಟುತ್ತಾರೆ. ಹದಿನೇಳನೇ ಶತಮಾನದ ಅಶ್ವದಳದ ವೇಷ ತೊಟ್ಟ ಸೈನಿಕರು ಜಾಗ್ರೆಬ್‌ನ ಹಳೇ ಊರಿನ ಬೀದಿಗಳಲ್ಲಿ ಪಥಸಂಚಲನ ಮಾಡುತ್ತಾರೆ. ದುಬ್ರೊವ್ನಿಕ್ ನಗರದ ಕವಿ ಇವಾನ್ ಗುಂಡುಲಿಚ್ ಅವರ ಒಂದು ಚಿತ್ರಪಟವನ್ನು ಹೆಮ್ಮೆಯಿಂದ ತೋರಿಸುತ್ತಾರೆ. 1622ರದೆಂದು ಅವರು ಗುರುತಿಸುವ ಆ ಪಟದಲ್ಲಿ ಕವಿಯ ಕೊರಳಿಗೆ ಬಟ್ಟೆಯ ಕಟ್ಟಿದೆ. ನಾವು ನಾಡಹಬ್ಬಕ್ಕೆ ಅರಿಶಿನ-ಕುಂಕುಮ ಬಣ್ಣದ ಶಲ್ಯ ಹೊದ್ದು ಓಡಾಡುವುದಿಲ್ಲವೇ? ಹಾಗೆಯೇ ಇದು. ಒಂದು ತುಂಡು ಬಟ್ಟೆ ನಾಡಿನ ಗುರುತಾಗುವುದನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಿಲ್ಲ.

ಸೈನಿಕನ ಕೊರಳಿಂದ ದೊರೆಯ ಕೊರಳಿಗೆ

ಕೊರಳಿಗೆ ಬಟ್ಟೆ ಕಟ್ಟುವ ರೂಢಿ ಕ್ರೊಯೇಷ್ಯಾದ ಕ್ರವಾತಿಗಿಂತ ಎಷ್ಟೋ ಹಳೆಯದು. 1974ರಲ್ಲಿ ಚೀನಾದ ಶಿಆನ್ ಬಳಿ ರೈತರು ಬಾವಿ ತೋಡುವಾಗ ಚಕ್ರವರ್ತಿ ಚಿನ್ ಶಿ ಹುವಾಂಗನ ಮಣ್ಣಿನ ಸೈನ್ಯ ಸಿಕ್ಕಿತಷ್ಟೆ. ಕ್ರಿಸ್ತಪೂರ್ವ ಮೂರನೇ ಶತಮಾನದ ಆ ಸುಟ್ಟ ಮಣ್ಣಿನ ಯೋಧರ ಕೊರಳಲ್ಲಿ ಬಟ್ಟೆಯ ಸುತ್ತು ಕಾಣುತ್ತದೆ. ರೋಮ್‌ನಲ್ಲಿ ಕ್ರಿಸ್ತಶಕ 113ರಲ್ಲಿ ನಿಲ್ಲಿಸಿದ ಟ್ರಾಜನ್ ಸ್ತಂಭದ ಉಬ್ಬುಶಿಲ್ಪಗಳಲ್ಲೂ ಸೈನಿಕರು ಕೊರಳವಸ್ತ್ರ ಕಟ್ಟಿದ್ದಾರೆ. ಲೋಹದ ಕವಚ ಕತ್ತು ತರಚದಿರಲಿ, ಬೆವರು ಇಳಿಯದಿರಲಿ ಎಂದು ಕಟ್ಟಿದ ಬಟ್ಟೆ ಅದು. ನಮ್ಮ ಹೊಲದ ಆಳು ಕೊರಳಿಗೆ ಟವಲು ಸುತ್ತಿಕೊಳ್ಳುವುದೂ ಅದೇ ಕಾರಣಕ್ಕೆ.

ಬೆವರೊರೆಸುವ ಬಟ್ಟೆ ಶೋಕಿಯ ಬಟ್ಟೆಯಾದ ಕಥೆ ಶುರುವಾಗುವುದು ಯುರೋಪಿನ ಮೂವತ್ತು ವರ್ಷಗಳ ಯುದ್ಧದಲ್ಲಿ. 1618ರಿಂದ 1648ರವರೆಗೆ ನಡೆದ ಆ ಯುದ್ಧದಲ್ಲಿ ಕ್ರೊಯೇಷ್ಯಾದ ಕುದುರೆ ಸವಾರರು ಸಂಬಳಕ್ಕೆ ಕಾದಾಡುತ್ತಿದ್ದರು. ಅವರಲ್ಲಿ ಕೆಲವರು ಫ್ರಾನ್ಸಿನ ದೊರೆಯ ಪಾಳೆಯಕ್ಕೆ ಬಂದರು. ಸಾಮಾನ್ಯ ಸೈನಿಕನ ಕೊರಳಿಗೆ ಒರಟು ಬಟ್ಟೆ, ಅಧಿಕಾರಿಗೆ ನಯವಾದ ಬಟ್ಟೆ. ಆಗ ಫ್ರೆಂಚ್ ಶ್ರೀಮಂತರು ಗಂಜಿ ಹಾಕಿದ ಅಗಲ ಕಾಲರುಗಳನ್ನು ತಟ್ಟೆಯಂತೆ ಕತ್ತಿನ ಸುತ್ತ ಹರಡಿಕೊಳ್ಳುತ್ತಿದ್ದರು. ಅವುಗಳನ್ನು ಬೆಳ್ಳಗೆ, ಬಿಗಿಯಾಗಿ ಇಟ್ಟುಕೊಳ್ಳುವುದೇ ದೊಡ್ಡ ತಾಪತ್ರಯ. ಕುದುರೆಯ ಮೇಲೆ ಬಂದವರ ಕೊರಳಲ್ಲಿ ಸಲೀಸಾಗಿ ಹಾರಾಡುತ್ತಿದ್ದ ಬಟ್ಟೆ ಕಣ್ಣಿಗೆ ಬಿದ್ದದ್ದೇ ತಡ, ಅದು ಆಸ್ಥಾನದ ಮನಸೆಳೆಯಿತು.

ಕ್ರೊಯೇಷ್ಯಾದವರು ಇದಕ್ಕೆ ಇನ್ನೊಂದು ಕಥೆ ಸೇರಿಸುತ್ತಾರೆ. ದಂಡಿಗೆ ಹೊರಟ ಗಂಡನ, ಪ್ರಿಯಕರನ ಕೊರಳಿಗೆ ಹೆಣ್ಣು ತನ್ನ ಕೈಯಾರೆ ಆ ಬಟ್ಟೆ ಕಟ್ಟಿ ಕಳಿಸುತ್ತಿದ್ದಳಂತೆ: ‘ನೀನು ನನ್ನವನು, ತಿರುಗಿ ಬಾ’ ಎಂದು. ನನಗೆ ಬಹಳ ಹಿಡಿಸಿದ ಕಥೆ ಇದು. ಗಂಟಿನಲ್ಲಿ ನಂಟನ್ನು ಕಾಣುವುದು ನಮ್ಮ ರಕ್ತದಲ್ಲೇ ಇದೆ. ಮದುವೆಯಲ್ಲಿ ಗಂಡಿನ ಶಲ್ಯಕ್ಕೂ ಹೆಣ್ಣಿನ ಸೆರಗಿಗೂ ಗಂಟು ಹಾಕುತ್ತೇವೆ, ಕೈಗೆ ಕಂಕಣ ಕಟ್ಟುತ್ತೇವೆ, ಹರಕೆಗೆಂದು ಮರಕ್ಕೆ ದಾರ ಕಟ್ಟುತ್ತೇವೆ. ಕಟ್ಟಿದವರ ಬೆರಳು ಗಂಟಿನಲ್ಲಿ ಉಳಿದಿರುತ್ತದೆ ಎಂಬ ನಂಬಿಕೆ ಎಲ್ಲ ಕಡೆಯೂ ಒಂದೇ.

ಹದಿನಾಲ್ಕನೇ ಲೂಯಿ ದೊರೆಯಾದ ಮೇಲೆ ಕ್ರವಾತ್ ಅರಮನೆಯ ಶಿಸ್ತಾಯಿತು. ಅವನ ಸೈನ್ಯದಲ್ಲಿ ರಾಯಲ್ ಕ್ರವಾತ್ ಎಂಬ ಅಶ್ವದಳವೇ ಇತ್ತು. ದೊರೆಯ ಕೊರಳ ಬಟ್ಟೆಗಳನ್ನು ನೋಡಿಕೊಳ್ಳಲೆಂದೇ ಒಬ್ಬ ಆಳು; ಬೆಳಿಗ್ಗೆ ಅವನು ಬುಟ್ಟಿ ತುಂಬ ಕ್ರವಾತ್ ತಂದು ಹಿಡಿದರೆ ದೊರೆ ಅದರಲ್ಲೊಂದನ್ನು ಆರಿಸುತ್ತಿದ್ದ. ಇತ್ತ 1660ರಲ್ಲಿ ಎರಡನೇ ಚಾರ್ಲ್ಸ್ ದೇಶಭ್ರಷ್ಟತೆ ಮುಗಿಸಿ ಇಂಗ್ಲೆಂಡಿಗೆ ಮರಳಿದಾಗ ಅವನ ಜೊತೆಗೆ ಈ ಫ್ಯಾಷನ್ನೂ ಕಡಲು ದಾಟಿತು.

ವೆನಿಸ್ಸಿನ ಕಸೂತಿ ಲೇಸ್ ಹಚ್ಚಿದ ಕ್ರವಾತ್ ಎಷ್ಟು ಬೆಲೆಬಾಳುವ ವಸ್ತುವಾಗಿತ್ತೆಂದರೆ, ಗ್ರಿನ್ಲಿಂಗ್ ಗಿಬ್ಬನ್ಸ್ ಎಂಬ ಮರಗೆತ್ತನೆಯ ಮಹಾಕುಶಲಿ 1690ರ ಸುಮಾರಿಗೆ ಅದನ್ನು ಮರದಲ್ಲೇ ಕೆತ್ತಿದ. ಲೇಸಿನ ಒಂದೊಂದು ತೂತೂ, ಒಂದೊಂದು ಹೂವೂ ಮೆದು ಮರದಲ್ಲಿ ಮೂಡಿದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅದು ಈಗಲೂ ಇದೆ. ಹೊರೇಸ್ ವಾಲ್‌ಪೋಲ್ ಎಂಬ ಲೇಖಕ 1769ರಲ್ಲಿ ಪರದೇಶದ ಅತಿಥಿಗಳನ್ನು ಬರಮಾಡಿಕೊಳ್ಳಲು ಈ ಮರದ ಕ್ರವಾತನ್ನೇ ಕೊರಳಿಗೆ ಧರಿಸಿ ನಿಂತಿದ್ದ.

ಯುದ್ಧ ಇನ್ನೊಂದು ಶೈಲಿಯನ್ನೂ ಕೊಟ್ಟಿತು. 1692ರ ಆಗಸ್ಟ್‌ನಲ್ಲಿ, ಇಂದಿನ ಬೆಲ್ಜಿಯಂನಲ್ಲಿರುವ ಸ್ಟೀನ್‌ಕರ್ಕ್ ಎಂಬಲ್ಲಿ ಶತ್ರುಗಳು ಹಠಾತ್ತನೆ ಮೇಲೆ ಬಿದ್ದರು. ಫ್ರೆಂಚ್ ಅಧಿಕಾರಿಗಳಿಗೆ ಕ್ರವಾತ್ ಸರಿಯಾಗಿ ಕಟ್ಟಿಕೊಳ್ಳಲೂ ಪುರಸತ್ತಿರಲಿಲ್ಲ. ಬಟ್ಟೆಯನ್ನು ಹೊಸೆದು ಕೋಟಿನ ಗುಂಡಿರಂಧ್ರದಲ್ಲಿ ತೂರಿಸಿ ಓಡಿದರು, ಗೆದ್ದರು. ಗೆದ್ದವರ ಅವಸರವೇ ಫ್ಯಾಷನ್ನಾಯಿತು. ‘ಸ್ಟೀನ್‌ಕರ್ಕ್’ ಎಂಬ ಹೆಸರಿನಲ್ಲಿ ಗಂಡಸರು, ಹೆಂಗಸರು ಎಲ್ಲರೂ ವರ್ಷಗಟ್ಟಲೆ ಹಾಗೇ ಹೊಸೆದು ತೂರಿಸಿಕೊಂಡರು.

ಶೋಕಿವಂತನಿಂದ ಗುಮಾಸ್ತನಿಗೆ

ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಲಂಡನ್ನಿನ ಗಂಡಸರಿಗೆ ಉಡುಪಿನ ಗುರು ಎಂದರೆ ಬ್ಯೂ ಬ್ರಮ್ಮೆಲ್. ರಾಜವಂಶದವನಲ್ಲ, ದೊಡ್ಡ ಜಮೀನ್ದಾರನೂ ಅಲ್ಲ. ಅಂಥವನು ರಾಜಕುಮಾರನ ಸ್ನೇಹ ಗಳಿಸಿದ್ದು ತೊಡುವ ಶಿಸ್ತಿನಿಂದ. ಬಣ್ಣ, ಲೇಸು, ಜರತಾರಿ ಎಲ್ಲವನ್ನೂ ಬಿಟ್ಟು ಹದವಾಗಿ ಗಂಜಿ ಹಾಕಿದ ಅಚ್ಚ ಬಿಳಿ ಬಟ್ಟೆಯೊಂದನ್ನೇ ಆತ ನೆಚ್ಚಿದ. ಮಡಿಕೆ ಒಂದೇ ಸಲಕ್ಕೆ ಸರಿಯಾಗಿ ಬೀಳಬೇಕು. ಬೀಳದಿದ್ದರೆ ಆ ಬಟ್ಟೆ ಬಿಸಾಕಿ ಹೊಸತು. ಬೆಳಿಗ್ಗೆ ಅವನ ಸೇವಕ ಮುದುಡಿದ ಬಟ್ಟೆಗಳ ರಾಶಿ ಹೊತ್ತು ಮೆಟ್ಟಿಲಿಳಿಯುವಾಗ ಯಾರೋ ಕೇಳಿದರೆ, ಇವೆಲ್ಲ ನಮ್ಮ ಸೋಲುಗಳು ಎಂದು ಉತ್ತರಿಸಿದನೆಂಬ ಪ್ರಸಂಗ ಇಂದಿಗೂ ಪ್ರಸಿದ್ಧ. 1816ರಲ್ಲಿ ಸಾಲಗಾರರಿಂದ ತಪ್ಪಿಸಿಕೊಳ್ಳಲು ಬ್ರಮ್ಮೆಲ್ ಫ್ರಾನ್ಸಿಗೆ ಓಡಿಹೋದ. 1840ರಲ್ಲಿ ಕಾನ್ ನಗರದಲ್ಲಿ ಬಡತನದಲ್ಲಿ ಸತ್ತ. ಆದರೆ ಸರಳವಾದ ಬಿಳುಪು, ಅಚ್ಚುಕಟ್ಟಾದ ಗಂಟು ಎಂಬ ಅವನ ಪಾಠ ಉಳಿಯಿತು.

ಆ ಕಾಲದಲ್ಲಿ ಕ್ರವಾತ್ ಕಟ್ಟುವ ಬಗೆಗಳನ್ನು ಚಿತ್ರಸಮೇತ ಕಲಿಸುವ ಪುಸ್ತಕಗಳೇ ಬಂದವು. ಆದರೆ ಮನೆಯಲ್ಲಿ ಸೇವಕನಿಲ್ಲದ, ಬೆಳಗಾದರೆ ಆಫೀಸಿಗೆ ಓಡಬೇಕಾದ ಹೊಸ ವರ್ಗವೊಂದು ಹುಟ್ಟುತ್ತಿತ್ತು. ಬ್ಯಾಂಕು, ರೈಲ್ವೆ, ವಿಮಾ ಕಚೇರಿಗಳ ಗುಮಾಸ್ತರು ಅವರು. ಅವರಿಗೆ ಬೇಕಾದದ್ದು ಬೇಗ ಕಟ್ಟಲಾಗುವ, ಸಂಜೆಯವರೆಗೆ ಸಡಿಲವಾಗದ ಗಂಟು. ಹೀಗೆ ಉದ್ದನೆಯ ಟೈ, ಅದರ ಜೊತೆ ‘ಫೋರ್ ಇನ್ ಹ್ಯಾಂಡ್’ ಎಂಬ ಸರಳ ಗಂಟು ಬಂತು. ನಾಲ್ಕು ಕುದುರೆಯ ಸಾರೋಟಿಗೆ ಇದ್ದ ಹೆಸರೇ ಆ ಗಂಟಿಗೂ ಬಂದಿದೆ. ಇಂದು ನಾವು ಟೈ ಎಂದು ಕರೆಯುವುದು ಇದನ್ನೇ.

ಬಣ್ಣದ ಪಟ್ಟೆಗಳು ಬಂದದ್ದು ಬಳಗದ ಗುರುತಾಗಿ. 1880ರಲ್ಲಿ ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನ ದೋಣಿಯಾಟದ ಹುಡುಗರು ತಮ್ಮ ಹುಲ್ಲುಟೋಪಿಯ ಬಣ್ಣದ ರಿಬ್ಬನ್ ಬಿಚ್ಚಿ ಕೊರಳಿಗೆ ಕಟ್ಟಿಕೊಂಡರು ಎನ್ನುತ್ತಾರೆ. ಕಾಲೇಜಿಗೊಂದು, ಕ್ಲಬ್ಬಿಗೊಂದು, ಪಲ್ಟನ್ನಿಗೊಂದು ಪಟ್ಟೆಯ ಟೈ ಅಲ್ಲಿಂದ ಹಬ್ಬಿತು. ಬ್ರಿಟನ್ನಿನ ಪಟ್ಟೆ ತೊಟ್ಟವನ ಎಡಭುಜದಿಂದ ಬಲಕ್ಕೆ ಇಳಿಯುತ್ತದೆ. ಅಮೆರಿಕದ ಬ್ರೂಕ್ಸ್ ಬ್ರದರ್ಸ್ ಕಂಪನಿ ಅದನ್ನು ತಿರುಗಿಸಿ ಬಲಭುಜದಿಂದ ಎಡಕ್ಕೆ ಇಳಿಸಿತು. ತಾನು ಸೇರದ ಪಲ್ಟನ್ನಿನ ಗುರುತನ್ನು ಯಾರೂ ತೊಟ್ಟಂತಾಗಬಾರದು ಎಂಬ ಎಚ್ಚರ ಅದರಲ್ಲಿತ್ತು.

ಟೈ ಇಂದಿನ ಮೈಕಟ್ಟಿಗೆ ಬಂದದ್ದು 1920ರ ದಶಕದಲ್ಲಿ, ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬ ದರ್ಜಿಯಿಂದ. ಅದುವರೆಗೆ ಬಟ್ಟೆಯನ್ನು ನೇಯ್ಗೆಯ ಎಳೆಗುಂಟ ನೇರವಾಗಿ ಕತ್ತರಿಸುತ್ತಿದ್ದರು. ಟೈ ತಿರುಚಿಕೊಳ್ಳುತ್ತಿತ್ತು, ನಾಲ್ಕು ದಿನಕ್ಕೆ ಗಂಟಿನ ಜಾಗದಲ್ಲಿ ಹರಿಯುತ್ತಿತ್ತು. ಲ್ಯಾಂಗ್ಸ್‌ಡಾರ್ಫ್ ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಮೂರು ತುಂಡು ಜೋಡಿಸಿ ಹೊಲಿದ. ನಮ್ಮ ಟೈಲರುಗಳು ಇದಕ್ಕೆ ಕ್ರಾಸ್ ಕಟಿಂಗ್ ಎನ್ನುತ್ತಾರೆ. ರವಿಕೆ ಹೊಲಿಸುವ ಹೆಂಗಸರಿಗೆಲ್ಲ ಚೆನ್ನಾಗಿ ಗೊತ್ತಿರುವ ಮಾತು. ಕ್ರಾಸ್ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ತನ್ನ ಅಳತೆಗೆ ಮರಳುತ್ತದೆ.

ಮನೆಯಲ್ಲಿ ಒಳ್ಳೆಯ ರೇಷ್ಮೆ ಟೈ ಇದ್ದರೆ ಅದನ್ನು ತಿರುಗಿಸಿ ಹಿಂಭಾಗ ನೋಡಿ. ಉದ್ದಕ್ಕೂ ಒಂದೇ ದಾರದ ಸಡಿಲ ಹೊಲಿಗೆ ಹೋಗಿರುತ್ತದೆ. ಕೊನೆಯಲ್ಲಿ ದಾರದ ಪುಟ್ಟ ಕುಣಿಕೆಯೊಂದನ್ನು ಬಿಟ್ಟಿರುತ್ತಾರೆ. ಅದು ಹೊಲಿಗೆ ಬಿಚ್ಚಿಕೊಂಡದ್ದೆಂದು ಕತ್ತರಿಸಬೇಡಿ. ಗಂಟು ಬಿಗಿಯುವಾಗ ಟೈ ಆ ದಾರದ ಮೇಲೆ ಜಾರಿ, ಹಿಗ್ಗಿ, ಮತ್ತೆ ಕೂಡುತ್ತದೆ. ಒಳಗೆ ಉಣ್ಣೆಯ ಕ್ಯಾನ್ವಾಸ್ ಇರುತ್ತದೆ. ಟೈ ಬಿದ್ದುಕೊಳ್ಳುವ ಚೆಂದ ಹೊರಗಿನ ರೇಷ್ಮೆಯಷ್ಟೇ ಈ ಒಳಗಿನ ಕ್ಯಾನ್ವಾಸಿನದೂ ಹೌದು.

ಮಾವಿನಕಾಯಿ ಬುಟ್ಟಾದ ಪಯಣ

ಟೈಗಳ ಮೇಲೆ ಬಹಳ ಕಾಣುವ ಒಂದು ಚಿತ್ತಾರವಿದೆ, ತುದಿ ಬಾಗಿದ ಹನಿಯಂಥದ್ದು. ಪಾಶ್ಚಾತ್ಯರು ಅದನ್ನು ಪೇಸ್ಲಿ ಎನ್ನುತ್ತಾರೆ. ನಮ್ಮ ಅಜ್ಜಿಯರಿಗೆ ಅದು ಮಾವಿನಕಾಯಿ ಬುಟ್ಟಾ. ಕಾಶ್ಮೀರದ ನೇಕಾರರು ಶಾಲುಗಳ ಅಂಚಿನಲ್ಲಿ ನೇಯುತ್ತಿದ್ದ ಚಿತ್ತಾರ ಅದು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಆ ಶಾಲುಗಳು ಬ್ರಿಟನ್ನಿಗೆ ಹೋದವು. ಬೆಲೆ ಕೈಗೆಟುಕದ್ದರಿಂದ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಮಗ್ಗಗಳು ಅದನ್ನೇ ನಕಲು ಮಾಡಿ ಅಗ್ಗಕ್ಕೆ ಮಾರಿದವು. ಚಿತ್ತಾರ ನಮ್ಮದಾಗಿ, ಹೆಸರು ಆ ಊರಿನದಾಯಿತು. ಇಂದು ಬೆಂಗಳೂರಿನ ಮಾಲ್‌ನಲ್ಲಿ ಯಾರಾದರೂ ಪೇಸ್ಲಿ ಟೈ ಕೊಂಡರೆ ಕೊರಳಿಗೆ ಏರುವುದು ಕಾಶ್ಮೀರದ ಕೈಕಸಬೇ.

ರೇಷ್ಮೆಯ ನಾಡಾದ ನಮಗೆ ಟೈಯೊಡನೆ ಇನ್ನೂ ಹತ್ತಿರದ ಸಂಬಂಧವಿದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗುವ ಗೂಡಿನಿಂದ ತೆಗೆದ ನೂಲಿಗೆ ಎಲ್ಲೆಲ್ಲಿಯ ಮಗ್ಗಗಳೋ ಕಾದಿರುತ್ತವೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಈಗ ಕೆಎಸ್‌ಐಸಿ ಕೈಯಲ್ಲಿದೆ. ಸೀರೆ ಕೊಳ್ಳಲು ಅದರ ಮಳಿಗೆಗೆ ಹೋದವರು ಪಕ್ಕದ ಕಪಾಟಿನ ಟೈಗಳನ್ನೂ ಒಮ್ಮೆ ಮುಟ್ಟಿ ನೋಡಬೇಕು.

ಕಟ್ಟಿದವರು, ಬಿಚ್ಚಿದವರು

ನಮ್ಮ ದೇಶದಲ್ಲಿ ಟೈಯ ಮಾತು ಬಂದಾಗ ಮೂವರು ಹಿರಿಯರು ನನ್ನ ಕಣ್ಮುಂದೆ ನಿಲ್ಲುತ್ತಾರೆ.

ಮೊದಲನೆಯವರು ಗಾಂಧೀಜಿ. 1888ರಲ್ಲಿ ಲಂಡನ್ನಿಗೆ ಓದಲು ಹೋದ ಹದಿನೆಂಟರ ತರುಣ ‘ಸಭ್ಯ ಗೃಹಸ್ಥ’ನಾಗಲು ಪಟ್ಟ ಪಾಡನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಊರಿನಲ್ಲಿದ್ದಾಗ ಕ್ಷೌರಿಕ ಬಂದ ದಿನವಷ್ಟೇ ಕನ್ನಡಿ ನೋಡುತ್ತಿದ್ದವರು, ಲಂಡನ್ನಿನಲ್ಲಿ ಟೈ ಸರಿಪಡಿಸಿಕೊಳ್ಳಲು ಮತ್ತು ಕೂದಲು ಬಾಚಲು ದೊಡ್ಡ ಕನ್ನಡಿಯ ಮುಂದೆ ದಿನಕ್ಕೆ ಹತ್ತು ನಿಮಿಷ ಕಳೆಯುತ್ತಿದ್ದರಂತೆ. ಗಂಟನ್ನು ಸ್ವತಃ ಕಲಿತರು. ಮುಂದೆ ದಕ್ಷಿಣ ಆಫ್ರಿಕದಲ್ಲಿ ವಕೀಲರಾಗಿದ್ದಾಗಲೂ ಟೈ ಇತ್ತು. ಅಲ್ಲಿ ಕೂಲಿಗಳ ಹೋರಾಟಕ್ಕಿಳಿದು 1913ರಲ್ಲಿ ಅವರದೇ ಉಡುಪು ತೊಟ್ಟರು. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ತುಂಡು ಪಂಚೆಗೆ ಇಳಿದರು. 1924ರ ಬೆಳಗಾವಿ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದಾಗ ಕನ್ನಡಿಗರು ಕಂಡದ್ದು ಆ ತುಂಡು ಪಂಚೆಯ ಗಾಂಧಿಯನ್ನು. ತಾನೇ ಕಲಿತು ಕಟ್ಟಿದ ಗಂಟನ್ನು ತಾನೇ ಬಿಚ್ಚಿದ ಧೀರ ಅವರು.

ಎರಡನೆಯವರು ಅಂಬೇಡ್ಕರ್. ಕೊಲಂಬಿಯ ವಿಶ್ವವಿದ್ಯಾಲಯ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಗ್ರೇಸ್ ಇನ್ ಎಲ್ಲ ಕಡೆ ಓದಿ ಬಂದವರು ಸೂಟು, ಟೈಯನ್ನು ಬಿಡಲಿಲ್ಲ. ಯಾರು ಏನು ಉಡಬೇಕು, ಎಲ್ಲಿಯವರೆಗೆ ಉಡಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿದ್ದ ಸಮಾಜ ಇದು. 1927ರಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ದಲಿತ ಹೆಣ್ಣುಮಕ್ಕಳಿಗೆ, ಜಾತಿಯ ಗುರುತು ಹೇಳುವ ಉಡುಗೆ-ತೊಡುಗೆ ಬಿಡಿ, ಎಲ್ಲರಂತೆ ಅಚ್ಚುಕಟ್ಟಾಗಿ ಸೀರೆ ಉಡಿ ಎಂದು ಕರೆ ಕೊಟ್ಟಿದ್ದರು. ಅವರ ಕೊರಳ ಟೈಯನ್ನೂ ಆ ಮಾತಿನ ಜೊತೆಗೇ ಓದಬೇಕು. ನಮ್ಮ ಯಾವ ಊರಿಗೆ ಹೋದರೂ ವೃತ್ತದಲ್ಲಿ ನೀಲಿ ಸೂಟು, ಟೈ ತೊಟ್ಟು, ಎಡಗೈಯಲ್ಲಿ ಸಂವಿಧಾನ ಹಿಡಿದು, ಬಲಗೈ ಬೆರಳು ಮುಂದೆ ಚಾಚಿದ ಅವರ ಪ್ರತಿಮೆ ಸಿಗುತ್ತದೆ. ಏಪ್ರಿಲ್ 14ರಂದು ಆ ಟೈಯ ಮೇಲೆಯೇ ಹೂವಿನ ಹಾರ ಬೀಳುತ್ತದೆ. ಅಕ್ಷರ ಕಲಿತು ಹೊರಟ ಮೊದಲ ತಲೆಮಾರಿನ ಹುಡುಗನಿಗೆ ಆ ಟೈ ಹೇಳುವ ಮಾತು ಸ್ಪಷ್ಟ: ಯಾರ ಅಪ್ಪಣೆಯನ್ನೂ ಕೇಳಬೇಡ, ತಲೆಯೆತ್ತಿ ನಿಲ್ಲು.

ಮೂರನೆಯವರು ನಮ್ಮ ವಿಶ್ವೇಶ್ವರಯ್ಯ. ತಲೆಗೆ ಜರಿಯಂಚಿನ ಮೈಸೂರು ಪೇಟ, ಮೈಗೆ ಸೂಟು, ಕೊರಳಿಗೆ ಟೈ. 101 ವರ್ಷ ಬಾಳಿದ ಅವರ ಚಿತ್ರಗಳಲ್ಲಿ ಪೇಟ, ಟೈ ಎರಡೂ ಮತ್ತೆ ಮತ್ತೆ ಕಾಣುತ್ತವೆ. ಪೇಟ ಊರಿನದು, ಟೈ ಕಸಬಿನದು. ಎರಡರ ನಡುವೆ ಜಗಳವಿಲ್ಲವೆಂದು ಅವರು ತೊಟ್ಟೇ ತೋರಿಸಿದರು. ಇಂದು ನಮ್ಮ ಮದುವೆಗಳಲ್ಲಿ ಮುಹೂರ್ತಕ್ಕೆ ಪಂಚೆ, ಶಲ್ಯ ಉಟ್ಟು ಕೂತ ವರನೇ ಸಂಜೆಯ ಆರತಕ್ಷತೆಗೆ ಸೂಟು, ಟೈ ತೊಟ್ಟು ನಿಲ್ಲುವುದು ಅದೇ ಹೊಂದಾಣಿಕೆಯ ಮುಂದುವರಿಕೆ.

ಒಬ್ಬರು ಬಿಚ್ಚಿದರು, ಒಬ್ಬರು ಬಿಗಿದರು, ಒಬ್ಬರು ಪೇಟದ ಜೊತೆಗೆ ಕೂಡಿಸಿದರು. ಮೂವರದೂ ಸ್ವಂತ ನಿರ್ಧಾರ. ಟೈಗೆ ಗೌರವ ಬರುವುದು ಅಲ್ಲಿಂದ.

ಬಲವಂತದ ಗಂಟು

ಬಲವಂತ ಬಂದ ಕಡೆ ಅದೇ ಬಟ್ಟೆ ಉರುಳಾಗುತ್ತದೆ. 2021ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡ್ ಸಂಸತ್ತಿನಲ್ಲಿ ಮಾವೊರಿ ಪಕ್ಷದ ರಾವಿರಿ ವೈಟಿಟಿ ಟೈ ಬದಲು ತಮ್ಮ ಬುಡಕಟ್ಟಿನ ಪದಕ ಧರಿಸಿ ಬಂದರು. ಸ್ಪೀಕರ್ ಅವರನ್ನು ಸದನದಿಂದ ಹೊರಗೆ ಕಳಿಸಿದರು. ವಸಾಹತುಶಾಹಿಯ ಕುಣಿಕೆಗೆ ನನ್ನ ಜನ ಕೊರಳೊಡ್ಡಬೇಕಿಲ್ಲ ಎಂಬುದು ಅವರ ವಾದ. ಕೆಲವೇ ದಿನಗಳಲ್ಲಿ ಟೈ ಕಡ್ಡಾಯವೆಂಬ ನಿಯಮವೇ ಹೋಯಿತು.

ಬೇರೆ ಕಾರಣಗಳಿಗೂ ಟೈ ಸಡಿಲವಾಗುತ್ತಿದೆ. ಜಪಾನ್ ಸರ್ಕಾರ 2005ರಲ್ಲಿ ‘ಕೂಲ್ ಬಿಜ್’ ಅಭಿಯಾನ ಶುರುಮಾಡಿತು: ಬೇಸಿಗೆಯಲ್ಲಿ ಆಫೀಸಿನ ಎಸಿ 28 ಡಿಗ್ರಿಗಿಂತ ಇಳಿಯಬಾರದು, ಅದಕ್ಕಾಗಿ ಕೋಟು, ಟೈ ಬಿಡಿ ಎಂದು. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 2004ರಲ್ಲಿ ಪರೀಕ್ಷಿಸಿದ 42 ಟೈಗಳಲ್ಲಿ 20ರ ಮೇಲೆ ರೋಗಾಣುಗಳು ಸಿಕ್ಕವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಬಳಿಕ ವೈದ್ಯರ ಟೈ ಬಿಡಿಸಿದವು. ಬೆಂಗಳೂರಿನ ಇನ್ಫೊಸಿಸ್ 2015ರಲ್ಲಿ ಉಡುಪಿನ ನಿಯಮ ಸಡಿಲಿಸಿತು. ಇವೆಲ್ಲ ವಿವೇಕದ ತೀರ್ಮಾನಗಳು.

ನಮ್ಮಲ್ಲಿ ಟೈ ಈಗ ಉಳಿದಿರುವ ಜಾಗಗಳನ್ನು ಎಣಿಸಿ ನೋಡಿ. ಬಿಸಿಲಲ್ಲಿ ಬೈಕಿನ ಮೇಲೆ ಬ್ಯಾಗು ಹೇರಿಕೊಂಡು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಸುತ್ತುವ ಮೆಡಿಕಲ್ ರೆಪ್, ಹೋಟೆಲಿನ ಬಾಗಿಲು ಕಾಯುವವರು, ಕಪ್ಪು ಕೋಟಿನ ರೈಲ್ವೆ ಟಿಕೆಟ್ ಪರೀಕ್ಷಕರು. ಕೋರ್ಟಿನಲ್ಲಿ ವಕೀಲರ ಬಿಳಿ ಬ್ಯಾಂಡೂ ಹದಿನೇಳನೇ ಶತಮಾನದ ಕೊರಳಪಟ್ಟಿಯ ಕುಡಿಯೇ. ಕೆಳಹಂತದ ನ್ಯಾಯಾಲಯಗಳಲ್ಲಿ ಅದರ ಬದಲು ಕಪ್ಪು ಟೈ ಕಟ್ಟಲು ನಿಯಮ ಅವಕಾಶ ಕೊಡುತ್ತದೆ. ಇವರೆಲ್ಲ ವಯಸ್ಸಿಗೆ ಬಂದವರು, ತಮ್ಮ ಕಸಬಿನ ಗುರುತು ತೊಟ್ಟವರು.

ನನ್ನ ಮನಸ್ಸಿಗೆ ನೋವಾಗುವುದು ಎಲ್‌ಕೆಜಿ ಮಕ್ಕಳನ್ನು ಕಂಡಾಗ. ಎಲಾಸ್ಟಿಕ್ ಪಟ್ಟಿಯ, ಗಂಟು ಮೊದಲೇ ಹೊಲಿದಿಟ್ಟ ಪಾಲಿಯೆಸ್ಟರ್ ಟೈ ಅದು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲೂ ಅದು ಕೊರಳಲ್ಲಿರುತ್ತದೆ. ಮಗು ಅದರ ತುದಿ ಬಾಯಲ್ಲಿಟ್ಟು ಚೀಪುತ್ತದೆ, ಮೂಗು ಒರೆಸಿಕೊಳ್ಳುತ್ತದೆ. ಮರೆತು ಬಂದ ದಿನ ಪ್ರಾರ್ಥನೆಯ ಸಾಲಿನಿಂದ ಆಚೆ ನಿಲ್ಲಬೇಕಾಗುತ್ತದೆ. ಆ ಟೈಗೆ ಗಂಟು ಹಾಕುವ ಕಲೆಯೂ ಇಲ್ಲ, ಕಟ್ಟಿದವರ ಬೆರಳಿನ ನೆನಪೂ ಇಲ್ಲ, ಮಗುವಿನ ಒಪ್ಪಿಗೆಯಂತೂ ಇಲ್ಲವೇ ಇಲ್ಲ. ಇಂಗ್ಲಿಷ್ ಶಾಲೆ ಎಂದು ಅಪ್ಪ-ಅಮ್ಮಂದಿರಿಗೆ ಕಾಣಲಿ ಎಂಬುದಷ್ಟೇ ಅದರ ಉದ್ದೇಶ. ಟೈಯನ್ನು ಪ್ರೀತಿಸುವವನಾಗಿಯೇ ಹೇಳುತ್ತೇನೆ, ಇದು ಟೈಗೂ ಅವಮಾನ, ಮಗುವಿಗೂ ಹಿಂಸೆ.

ಗಂಟು ಕಲಿಸೋಣ

ಕೇಂಬ್ರಿಜ್‌ನ ಭೌತವಿಜ್ಞಾನಿಗಳಾದ ಥಾಮಸ್ ಫಿಂಕ್ ಮತ್ತು ಯಾಂಗ್ ಮಾವೊ 1999ರಲ್ಲಿ ಗಣಿತ ಹಾಕಿ, ಟೈಗೆ 85 ಬಗೆಯ ಗಂಟು ಹಾಕಬಹುದೆಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅವುಗಳಲ್ಲಿ ಒಂದು ಬಂದರೆ ಜೀವನಕ್ಕೆ ಸಾಕು. ಅದು ಗುಮಾಸ್ತರು ನಮಗೆ ಬಿಟ್ಟುಹೋದ ಫೋರ್ ಇನ್ ಹ್ಯಾಂಡ್.

ಕಾಲರ್ ಎತ್ತಿ. ಅಗಲದ ತುದಿ ಬಲಗಡೆ, ಕಿರಿದಾದ ತುದಿಗಿಂತ ಒಂದಡಿ ಕೆಳಗೆ ಬರುವಂತೆ ಹಾಕಿಕೊಳ್ಳಿ. ಅಗಲದ್ದನ್ನು ಕಿರಿದರ ಮೇಲಿಂದ ಎಡಕ್ಕೆ ದಾಟಿಸಿ, ಹಿಂದಿನಿಂದ ಬಲಕ್ಕೆ ತನ್ನಿ, ಮತ್ತೆ ಮುಂದಿನಿಂದ ಎಡಕ್ಕೆ. ಈಗ ಕೊರಳ ಸಂದಿಯ ಕೆಳಗಿನಿಂದ ಮೇಲೆ ತೂರಿಸಿ, ಮುಂದೆ ಉಳಿದ ಕುಣಿಕೆಯೊಳಗಿಂದ ಕೆಳಗೆ ಎಳೆಯಿರಿ. ಬಿಗಿಯುವ ಮುನ್ನ ಗಂಟಿನ ಕೆಳಗೆ ತೋರುಬೆರಳಿಂದ ಒತ್ತಿ ಹಿಡಿದರೆ ಅಲ್ಲೊಂದು ಸಣ್ಣ ಗುಳಿ ಬೀಳುತ್ತದೆ. ನಗುವವರ ಕೆನ್ನೆಯ ಗುಳಿಯಂತೆ. ಟೈಯ ಸೊಗಸೆಲ್ಲ ಆ ಗುಳಿಯಲ್ಲಿದೆ. ತುದಿ ಬೆಲ್ಟಿನ ಬಕಲ್ ಮುಟ್ಟಿದರೆ ಅಳತೆ ಸರಿ. ರಾತ್ರಿ ಬಂದು ಕಿತ್ತೆಳೆಯದೆ, ಬಂದ ದಾರಿಯಲ್ಲೇ ಹಿಂದಕ್ಕೆ ಬಿಚ್ಚಿ ತೂಗುಹಾಕಿ. ನಮ್ಮಲ್ಲಿ ಎಷ್ಟೋ ಜನ ಗೆಳೆಯ ಒಮ್ಮೆ ಕಟ್ಟಿಕೊಟ್ಟ ಗಂಟನ್ನು ಬಿಚ್ಚಲು ಹೆದರಿ, ಸಡಿಲಿಸಿ ತಲೆಯಿಂದ ತೆಗೆದು ವರ್ಷಗಟ್ಟಲೆ ಹಾಗೇ ಇಡುತ್ತಾರೆ. ಬಿಚ್ಚಿ. ಮತ್ತೆ ಕಟ್ಟಿದಾಗಲೇ ಅದು ನಿಮ್ಮದಾಗುವುದು.

ಅಂದು ಸಂಜೆ ಹುಡುಗ ವಾಪಸು ಬಂದಾಗ ಟೈ ಬಿಚ್ಚಿಸಿ, ಅವನ ಕೈಯಿಂದಲೇ ಗಂಟು ಹಾಕಿಸಿದೆ. ನಾಲ್ಕನೆಯ ಸಲಕ್ಕೆ ಬಂತು. ಪಕ್ಕದಲ್ಲಿ ನಿಂತಿದ್ದ ಅಪ್ಪ ‘ನಂಗೂ ತೋರ್ಸೋ’ ಎಂದರು. ಮಗ ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿಕೊಂಡ.

ಓದುಗರಲ್ಲಿ ನನ್ನದು ಎರಡು ವಿನಂತಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಮೊದಲ ಸಂದರ್ಶನಕ್ಕೆ ಹೊರಟ ಹುಡುಗನೋ ಹುಡುಗಿಯೋ ಇದ್ದರೆ, ಗಂಟು ಹಾಕಿ ಕಳಿಸಿದ ಮೇಲೆ ಗಂಟು ಹಾಕುವುದನ್ನೂ ಕಲಿಸಿ. ನಿಮ್ಮ ಮಕ್ಕಳ ಶಾಲೆಯ ಪೋಷಕರ ಸಭೆಗೆ ಮುಂದಿನ ಸಲ ಹೋದಾಗ, ಪುಟ್ಟ ಮಕ್ಕಳ ಕೊರಳಿನಿಂದ ಟೈ ತೆಗೆಸಿ ಎಂದು ಎದ್ದು ನಿಂತು ಕೇಳಿ.